ಮುತ್ಯಾನ ದನಿ ಸಿ.ಡಿ.ಗೆ ಇಳಿದದ್ದು

ತಿಕೋಟಾ ದಾಟಿ ಬಿಜ್ಜರಗಿಯ ಕಡೆ ಬಸ್ಸು ಹೊರಳಿತೆಂದರೆ ಗಂಧಕದ ಹೊಗೆ ತಾಕಿದ ಒಣದ್ರಾಕ್ಷಿಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಉಳಿದವರ ಬಾಯಲ್ಲಿ ನೀರೂರಿದರೆ ನನ್ನ ಅಂಗೈ ಬೆವರುತ್ತದೆ. ಆ ವಾಸನೆಗೆ ನನ್ನ ಮಟ್ಟಿಗೆ ಕಾದ ಕಂಪ್ಯೂಟರಿನ ವಾಸನೆಯೂ ಅಂಟಿಕೊಂಡೇ ಬರುತ್ತದೆ. ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ಇವೆರಡೂ ಒಂದೇ ಕೋಣೆಯಲ್ಲಿದ್ದವು. ಗೋಡೆಗೆ ತಾಗಿ ಕಾಕಾನ ದ್ರಾಕ್ಷಿ ಬಾಕ್ಸು, ಅದರ ಮಗ್ಗುಲಿಗೆ ಅವನ ಕಂಪ್ಯೂಟರು. ದ್ರಾಕ್ಷಿಗೆಂದು ಬಂದ ಇರುವೆಗಳು ದಾರಿ ತಪ್ಪಿ ಕೀಬೋರ್ಡಿನೊಳಗೆ ಸಂಸಾರ ಹೂಡುತ್ತಿದ್ದವು. ವ್ಯಾಪಾರದ ಲೆಕ್ಕಕ್ಕೆಂದು ತಂದ ಯಂತ್ರದಲ್ಲಿ ಕಾಕಾ ಇಸ್ಪೀಟು ಆಡುತ್ತಿದ್ದ. ಸೋತಾಗ ಇರುವೆಗಳನ್ನು ಬೈಯುತ್ತಿದ್ದ.

ಆಗ ನಾನು ಸಾಲಿಗೆ ಹೋಗುವ ಹುಡುಗ. ಮಗ್ಗಿ ಬರುತ್ತಿರಲಿಲ್ಲ, ಮಂದಿಯ ನಕಲು ಬರುತ್ತಿತ್ತು. ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಕಾಕಾ ಫೋನಿನಲ್ಲಿ ದಲಾಲರ ಜೊತೆ ಮೆತ್ತಗಾಗುವ ದನಿ, ಎಲ್ಲವೂ ನನ್ನ ಗಂಟಲಲ್ಲಿದ್ದವು. ನಕಲು ಮಾಡಿ ಮಾಡಿ ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತಿತ್ತು. ಆದರೆ ನನ್ನ ಅಜ್ಜ, ಮುತ್ಯಾನ ದನಿ ಮಾತ್ರ ಕೈಗೆ ಸಿಗಲಿಲ್ಲ. ಮಮದಾಪುರದ ಕೆರೆಯ ಈ ದಂಡೆಯಲ್ಲಿ ನಿಂತು ಆ ದಂಡೆಯ ಕುರಿಗಳನ್ನು ಕರೆದು ಕರೆದು ಬೆಳೆದ ದನಿ ಅದು. ಕುರಿ ಮಾರಿ ಊರು ಬಿಟ್ಟು ನಮ್ಮೊಂದಿಗೆ ಬಂದ ಮೇಲೂ ಅವನು ಮನೆಮಂದಿಯನ್ನು ಊಟಕ್ಕೆ ಹಾಗೆಯೇ ಕರೆಯುತ್ತಿದ್ದ. ಅಂಗಳದಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದರೆ ಓಣಿಯ ಕಡೆಯ ಮನೆಯವರೂ ಕೈ ತೊಳೆದುಕೊಳ್ಳಬೇಕು. ನಾನು ಅದನ್ನೇ ಕೂಗಿದರೆ ಬೆಕ್ಕಿನ ಬಾಲ ತುಳಿದಂತಾಗುತ್ತಿತ್ತು. ಅದಕ್ಕೇ ಒಂದು ಮಧ್ಯಾಹ್ನ ಅವನನ್ನು ಮೈಕಿನ ಮುಂದೆ ಕೂರಿಸಿ, ಕುರಿ ಕರೆಯುವುದು, ನಾಯಿ ಬೈಯುವುದು, ನಮ್ಮನ್ನೆಲ್ಲ ಉಣ್ಣಲು ಕೂಗುವುದು ಇವೆಲ್ಲವನ್ನೂ ಕಂಪ್ಯೂಟರಿಗೆ ತುಂಬಿಕೊಂಡೆ. ಕೇಳಿ ಕೇಳಿ ಕಲಿಯುವ ಹುನ್ನಾರ.

ನಾನು ಕಲಿಯುವ ಮೊದಲೇ ಆ ದನಿ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ಬರೀ ಗಾಳಿಯಾಯಿತು. ಮಿರಜಿನ ಡಾಕ್ಟರು ಗಂಟಲಲ್ಲಿ ಗಡ್ಡೆ ಇದೆ, ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ದೀಪಾವಳಿ ಮುಗಿದ ಕೂಡಲೇ ಹೋಗುವುದೆಂದಾಯಿತು. ಅದೇ ಹೊತ್ತಿಗೆ ಕಂಪ್ಯೂಟರಿನ ಹೊಟ್ಟೆಯೊಳಗಿಂದಲೂ ಟಕ್ ಟಕ್ ಎಂಬ ಸದ್ದು ಶುರುವಾಯಿತು, ಒಳಗೆ ಯಾರೋ ಸಿಕ್ಕಿಬಿದ್ದು ಬಾಗಿಲು ಬಡಿದಂತೆ.

ಕಾಕಾ ಕಿವಿ ಹಚ್ಚಿ ಕೇಳಿದ. "ಹಾರ್ಡ್ ಡಿಸ್ಕ್ ಹೊಂಟೈತಿ. ಇನ್ನ ಇದನ್ನ ಆಫ್ ಮಾಡಬ್ಯಾಡಲೇ ಮಾಳ್ಯಾ. ಆಫ್ ಆತಂದ್ರ ಮತ್ತ ಏಳೂದಿಲ್ಲ. ನಿಮ್ಮ ಮುತ್ಯಾನ ದನಿ ಅದರಾಗs ಹೋಗ್ತೈತಿ."

ಪೆನ್ ಡ್ರೈವ್ ಚುಚ್ಚುವ ತೂತುಗಳು ಮೊದಲೇ ಸತ್ತಿದ್ದವು. ರಿಪೇರಿಯವನು ಹಬ್ಬಕ್ಕೆಂದು ಊರಿಗೆ ಹೋಗಿದ್ದ. ಮರುದಿನ ಬೆಳಗ್ಗೆ ಮಿರಜಿಗೆ ಗಾಡಿ. ಉಳಿದದ್ದು ಒಂದೇ ದಾರಿ, ಖಾಲಿ ಸಿ.ಡಿ.ಗೆ ಬರೆದುಕೊಳ್ಳುವುದು. ಕಾಕಾ ಹೊಸ ಡಬ್ಬಿಯಿಂದ ಒಂದು ತೆಗೆದು ಹಾಕಿದ. ಗರ್ರನೆ ತಿರುಗಿತು, ಪರದೆಯ ಮೇಲಿನ ಹಸಿರು ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯಿತು, ನಡುದಾರಿಯಲ್ಲಿ ಗಕ್ಕನೆ ನಿಂತಿತು. ಡ್ರೈವು ನಾಲಿಗೆ ಚಾಚಿದಂತೆ ಸಿ.ಡಿ.ಯನ್ನು ಹೊರಗೆ ದೂಡಿತು. ಕಾಕಾ ಸ್ಪೀಡು ಇಳಿಸಿದ. ತೆರೆದಿದ್ದುದನ್ನೆಲ್ಲ ಮುಚ್ಚಿದ, ಇಸ್ಪೀಟನ್ನೂ. ವೈರಸ್ ಕಾಯುವ ಕಾವಲುಗಾರನನ್ನು ಮಲಗಿಸಿದ. ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನು ತಂದು ಗಾಳಿ ಹಾಕಿದ. ಬೇರೆ ಸಾಫ್ಟ್‌ವೇರಿನಲ್ಲಿ ನೋಡಿದ. ಪ್ರತಿಸಲವೂ ಅದೇ ನಾಲಿಗೆ. ಡಬ್ಬಿ ಬರಿದಾಗುತ್ತ ಬಂತು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೀಂ ಕೀಂ ಎಂದು ಅಳತೊಡಗಿತು. ಹೆದರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಅದೂ ಕೀಂ ಕೀಂ ಎಂದಿತು. ಕಾಕಾ ನನ್ನ ತಲೆಗೆ ಒಂದು ಬಿಟ್ಟ. ಕರೆಂಟು ಬಂತು.

ಹೊಸ್ತಿಲ ಮೇಲೆ ಕೂತಿದ್ದ ಮುತ್ಯಾ, "ಬಿಡೋ ತಮ್ಮಾ, ಆ ದನಿ ತಗೊಂಡು ಏನ್ ಮಾಡ್ತೀರಿ," ಎಂದ. ಅರ್ಧ ಮಾತು ಗಾಳಿಗೆ ಹೋಯಿತು. ಬಿಡು ಎಂದವನ ಕಣ್ಣು ಮಾತ್ರ ಪರದೆಯ ಮೇಲಿಂದ ಕದಲಲಿಲ್ಲ.

ಉಳಿದವುಗಳಲ್ಲಿ ಒಂದನ್ನು ಎತ್ತಿ ನಾನು ಕಿಟಕಿಯ ಬೆಳಕಿಗೆ ಹಿಡಿದೆ. ಹೊಳೆಯುವ ಮೈಮೇಲೆ ಬೂದಿಬಣ್ಣದ ಮಬ್ಬು, ನಡುವೆ ಗೀರು. ಮೂಸಿದರೆ ದೇವರ ಕೋಣೆಯ ವಾಸನೆ. ಕಾಕಾನ ಮೂಗಿಗೆ ಹಿಡಿದೆ. ಅವನು ಅಲ್ಲಿಂದಲೇ ಅಡುಗೆಮನೆಯತ್ತ ಕೇಳಿದ, "ಯವ್ವಾ, ಈ ಸಿ.ಡಿ.ಗೋಳಿಗೆ ಏನ್ ಹಚ್ಚೀ ಬೇ?"

ಕಾಕಾನ ಅವ್ವ, ನನ್ನ ಆಯಿ, ಶೇಂಗಾ ಹೋಳಿಗೆಯ ತಾಟು ಹಿಡಿದು ಬಂದಳು. "ಅಮಾಸಿ ದಿನಾ ತಕ್ಕಡಿಗೆ ಪೂಜಿ ಮಾಡ್ನಿ, ನಿನ್ನ ಮಿಶಿನ್ನಿಗೆ ಮಾಡ್ನಿ. ಇವೇನ್ ಪಾಪ ಮಾಡ್ಯಾವು? ಎಲ್ಲಾಕೂ ವಿಭೂತಿ ಹಚ್ಚೇನಿ. ನೀ ಒದರ್ತಿ ಅಂತ ಸೆರಗಿಲೆ ಒರಸಿ ಡಬ್ಬ್ಯಾಗ ಇಟ್ಟೇನಿ."

"ಹಚ್ಚಾಕ ಇನ್ನೊಂದ್ ಮಗ್ಗಲಾ ಇರ್ಲಿಲ್ಲೇನು?"

"ಹೊಳಿಯೂದು ಮಾರಿ ಅಲ್ಲೇನೋ? ಮಾರಿ ಬಿಟ್ಟು ಬೆನ್ನಿಗೆ ಯಾರರ ವಿಭೂತಿ ಹಚ್ತಾರಾ ಹುಚ್ಚಪ್ಪ?"

ಯಂತ್ರ ಬೆಳಕಿನಿಂದ ಬರೆಯುವುದು ಆ ಹೊಳೆಯುವ ಮೈಮೇಲೆಯೇ. ವಿಭೂತಿ, ಅದರ ಮೇಲೆ ಸೆರಗಿನ ಒಗ್ಗರಣೆ ಎಣ್ಣೆ; ಬೆಳಕಿಗೆ ದಾರಿಯೆಲ್ಲಿ? ಕಾಕಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಯಿ ತಾಟು ಕೆಳಗಿಟ್ಟು, ಮುತ್ಯಾನ ಮೋರೆ ನೋಡಿದಳು. ಒಳಗೆ ಹೋಗಿ ದೀಪದ ಬತ್ತಿಗೆ ಇಟ್ಟಿದ್ದ ಅರಳೆ ತಂದು ಕಾಕಾನ ಮುಂದೆ ಚಾಚಿದಳು. ಕಾಕಾ ಗೀರು ಕಮ್ಮಿ ಇದ್ದ ಸಿ.ಡಿ.ಯೊಂದನ್ನು ಆರಿಸಿ, ಅರಳೆ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ಹಗುರಾಗಿ ಒರೆಸಿ ಒಣಗಿಸಿದ. ಬೆಂಕಿಕಡ್ಡಿಗೆ ಒಣ ಅರಳೆ ಸುತ್ತಿ ಡ್ರೈವಿನೊಳಗಿನ ಗಾಜಿನ ಕಣ್ಣನ್ನೂ ಒರೆಸಿದ. ಸ್ಪೀಡನ್ನು ಎಲ್ಲಕ್ಕಿಂತ ಕೆಳಗಿಳಿಸಿ ಹಾಕಿದ. ಹಸಿರು ಪಟ್ಟಿ ಹೊರಟಿತು. ಒಳಗಿನ ಟಕ್ ಟಕ್ ಜೋರಾಯಿತು, ಪಟ್ಟಿ ನಿಂತಿತು, ಆಯಿ ನನ್ನ ಭುಜ ಹಿಡಿದಳು, ಪಟ್ಟಿ ಮತ್ತೆ ಸರಿಯಿತು. ಅದು ತುದಿ ಮುಟ್ಟಿದಾಗ ಕಾಕಾ ಕೂಗಲಿಲ್ಲ, ಕುರ್ಚಿಯ ಮೇಲೆ ಕುಸಿದ. ಆ ಸಂಜೆ ಆಫ್ ಮಾಡಿದ ಕಂಪ್ಯೂಟರು ಮತ್ತೆ ಏಳಲಿಲ್ಲ.

ಮುತ್ಯಾ ಮಿರಜಿನಿಂದ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದ. ಊಟಕ್ಕೆ ಕರೆಯಲು ಚಪ್ಪಾಳೆ ತಟ್ಟುತ್ತಿದ್ದ. ಸಿ.ಡಿ. ಟಿವಿಯ ಕೆಳಗಿನ ಖಾನೆಯಲ್ಲಿ, ಪ್ಲೇಯರಿನ ಮಗ್ಗುಲಿಗೇ ಇತ್ತು. ಅವನೆದುರು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಕತ್ತರಿಸಿದ ಕೈಯನ್ನು ತಂದು ಅವನ ಮುಂದೆಯೇ ಇಟ್ಟಂತಾದೀತೆಂಬ ಭಯ.

ಒಂದು ದಿನ ಸಾಲಿಯಿಂದ ಬಂದು ಗೇಟು ತೆರೆಯುತ್ತಿದ್ದೆ. ಒಳಗಿನಿಂದ ಕೇಳಿತು, "ಲೇ ಮಾಳ್ಯಾ, ಎಲ್ಲಿ ಸತ್ತೀಯೋ, ಉಣ್ಣಾಕ ಬಾ." ಗೇಟನ್ನು ಅರ್ಧಕ್ಕೇ ಬಿಟ್ಟು ನಿಂತೆ. ಆ ಭಯದಷ್ಟು ದೊಡ್ಡ ಭಯ ನನಗೆ ಆಮೇಲೆ ಆಗಿಲ್ಲ. ಬಾಗಿಲಲ್ಲಿ ಇಣುಕಿದೆ. ಟಿವಿಯ ಮುಂದೆ ಮುತ್ಯಾ ಒಬ್ಬನೇ ಕಂಬಳಿ ಹಾಸಿ ಕೂತಿದ್ದ. ದನಿ ಟಿವಿಯ ಪೆಟ್ಟಿಗೆಯಿಂದ ಬರುತ್ತಿತ್ತು, ಅದರ ಜೊತೆಗೇ ಅವನ ತುಟಿ ಅಲುಗುತ್ತಿತ್ತು. ನನ್ನನ್ನು ಕಂಡರೆ ಬಂದ್ ಮಾಡುತ್ತಾನೆಂದುಕೊಂಡೆ. ಮಾಡಲಿಲ್ಲ. ಕಂಬಳಿಯ ಮೇಲೆ ಸರಿದು ಜಾಗ ಕೊಟ್ಟ. ನಾನು ಕೂತೆ. ಪೆಟ್ಟಿಗೆ ಇನ್ನೊಮ್ಮೆ ನನ್ನನ್ನು ಕರೆಯಿತು.

"ಬಂದ್ನಿ ಮುತ್ಯಾ," ಎಂದೆ. ಆಗ ತಾನೇ ಕರೆದವನಂತೆ ಅವನು ನನ್ನ ಬೆನ್ನು ತಟ್ಟಿದ.

ಮರುವರ್ಷ ಅವನಿರಲಿಲ್ಲ. ಹಿಂದೆಯೇ ಆಯಿಯೂ ಹೋದಳು. ಕಾಕಾ ಬಬಲೇಶ್ವರದಲ್ಲಿ ಮನೆ ಮಾಡಿದ. ಅಥಣಿ ರಸ್ತೆಯ ಮನೆ ಬೇರೆಯವರದಾಯಿತು, ಅವರು ಅದನ್ನು ಕೆಡವಿ ಎತ್ತರಕ್ಕೆ ಕಟ್ಟಿದರು. ರೊಟ್ಟಿ ಆರುವ ಮೊದಲು ಹೆಸರು ಹಿಡಿದು ಕೂಗುತ್ತಿದ್ದ ಮನೆ ಅದು. ಈಗ ನಾವೆಲ್ಲ ನಮಗೆ ತಿಳಿದ ಹೊತ್ತಿಗೆ ಬಂದು, ಮುಚ್ಚಿಟ್ಟದ್ದನ್ನು ತೆಗೆದು, ತಣ್ಣಗಿದ್ದುದನ್ನೇ ಉಣ್ಣುತ್ತೇವೆ.