ಪೂಜೆಗೆ ಕೂತ ಪಕ್ಕಡ

ತಾಮ್ರದ ತಂತಿ ಸಿಗದಂತಾಗಿ ಅಲ್ಯೂಮಿನಿಯಂ ತಂತಿ ಬಂದ ಕಾಲ ಅದು. ತಾಮ್ರವಾದರೆ ತುದಿಗೆ ಥಿಂಬಲ್ ಎಂಬ ಲೋಹದ ಟೊಪ್ಪಿಗೆ ತೊಡಿಸಿ ಬೆಸುಗೆ ಹಾಕಿ ಮುಗಿಸುತ್ತಿದ್ದೆವು. ಅಲ್ಯೂಮಿನಿಯಂ ನಮ್ಮ ಬೆಸುಗೆಗೆ ಬಗ್ಗುವುದಿಲ್ಲ. ಥಿಂಬಲ್ಲನ್ನು ಪಕ್ಕಡದ, ಅಂದರೆ ಒತ್ತುವ ಇಕ್ಕಳದ, ಬಾಯಿಗೆ ಕೊಟ್ಟು ಒತ್ತಿಯೇ ಕೂಡಿಸಬೇಕು. ಒತ್ತು ಸಡಿಲಾಯಿತೋ, ಮೋಟಾರು ತಿರುಗಿದಾಗ ಆ ಜಾಗ ಕಾಯುತ್ತದೆ, ಕಾದು ಸುಡುತ್ತದೆ. ಇಷ್ಟು ತಿಳಿಯಲಿಕ್ಕೆ ಸಾಲಿ ಬೇಕಿಲ್ಲ. ನಾನು ನಾಲ್ಕನೇ ಇಯತ್ತೆಗೇ ಪಾಟಿ ಒಗೆದವನು.

ಗೋಕಾಕದಲ್ಲಿ ನಮ್ಮದು ವೈರಿಂಗ್ ಅಂಗಡಿ. ಗಲ್ಲೆಯ ಮೇಲೆ ನನ್ನ ಅಣ್ಣ, ಏಣಿಯ ಮೇಲೆ ನಾನು. ದಸರೆಯ ಮುಂದೆ ಅವನು ಬೆಳಗಾವಿಯಿಂದ ಕೆಂಪು ಹಿಡಿಕೆಯ ಪಕ್ಕಡವೊಂದನ್ನು ತಂದ. ಹಬ್ಬ ಮುಗಿದ ಕೂಡಲೇ ಹುಕ್ಕೇರಿಯ ಹಿಟ್ಟಿನ ಗಿರಣಿಯ ಕೆಲಸವನ್ನು ಅದರಲ್ಲೇ ಮಾಡಬೇಕಂತೆ. ಒಂದು ಥಿಂಬಲ್ ಒತ್ತಿ, ತಂತಿ ಹಿಡಿದು ಜಗ್ಗಿದೆ. ಹಲ್ಲು ಕಿತ್ತ ಹಾಗೆ ಹೊರಬಂತು. ಇನ್ನೊಂದನ್ನು ಒತ್ತಿ ಗರಗಸದಿಂದ ಅಡ್ಡ ಕೊಯ್ದೆ. ಒಳಗೆ ಎಳೆಗಳು ಬೇರೆ ಬೇರೆ, ನಡುವೆ ಸಂದು. ಒಳ್ಳೆಯ ಪಕ್ಕಡ ಪೂರ್ತಿ ಒತ್ತುವ ತನಕ ಬಾಯಿ ತೆರೆಯುವುದಿಲ್ಲ. ಇದು ಅರ್ಧಕ್ಕೇ ತೆರೆಯುತ್ತಿತ್ತು, ದವಡೆಗಳೂ ಸರಿಯಾಗಿ ಕೂಡುತ್ತಿರಲಿಲ್ಲ.

"ಅಣ್ಣಾ, ಇದನ್ನ ವಾಪಸ್ ಕೊಟ್ಟು ಬಾ. ನನ್ನ ಕೈಲೆ ಇದರ ಕೆಲಸ ಆಗೂದಿಲ್ಲ."

"ಪಕ್ಕಡ ನೆಟ್ಟಗ ಐತಿ. ನಿನ್ನ ಕೈನ ಸೊಟ್ಟ ಅದಾವು."

ಖಂಡೇಪೂಜೆಯ ದಿನ, ಹತಾರಗಳಿಗೆಲ್ಲ ಪೂಜೆ ಆಗುವಾಗ, ಅಣ್ಣ ಅಂಗಡಿಯಲ್ಲಿ ಹಾಸಿದ ಬಿಳಿ ಬಟ್ಟೆಯ ಮೇಲೆ ನನ್ನ ಸುತ್ತಿಗೆ, ಗರಗಸಗಳನ್ನು ಬದಿಗೆ ಸರಿಸಿ, ನಟ್ಟನಡುವೆ ಆ ಪಕ್ಕಡಕ್ಕೆ ಚೆಂಡುಹೂವಿನ ಮಾಲೆ ಹಾಕಿ ಕೂಡಿಸಿದ್ದ. ನಮ್ಮ ಮನೆತನದಲ್ಲಿ ಪೂಜೆಯಾದ ಸಾಮಾನನ್ನು ಕೊಟ್ಟವನಿಗೆ ಮರಳಿಸುವುದಿಲ್ಲ, ಲಕ್ಷ್ಮಿಯನ್ನು ಹೊರಗೆ ಅಟ್ಟಿದ ಹಾಗೆ ಅಂತ. ಅದು ಗೊತ್ತಿದ್ದೇ ಇಟ್ಟಿದ್ದ, ನನ್ನ ಬಾಯಿ ಕಟ್ಟಲಿಕ್ಕೆ. ನಾನು ಎಲ್ಲರೆದುರು ಅದನ್ನು ಎತ್ತಿ, ಹೊರಗೆ ಚಪ್ಪಲಿಗಳ ಬಾಜೂ ಇಟ್ಟು ಬಂದೆ.

"ಏನ್ರಿ, ಪಕ್ಕಡಕ್ಕೂ ಸೂತಕ ಬಂತೇನ್ರಿ?" ಅಂದ ಒಬ್ಬ ಗಿರಾಕಿ. ನಾಕು ಮಂದಿ ನಕ್ಕರು. ಅಣ್ಣ ನಗಲಿಲ್ಲ. ಎದ್ದು ಹೋಗಿ ತಂದು, ನೀರು ಚಿಮುಕಿಸಿ, ವಿಭೂತಿ ಬಳಿದು, ಇದ್ದಲ್ಲೇ ಇಟ್ಟು ಕಾಯಿ ಒಡೆದ. "ಹಬ್ಬದ ದಿನಾನೂ ನಾಯಿಗತೆ ಕಚ್ಚಾಡ್ತೀರಲ್ಲೋ," ಅಂದಳು ಅವ್ವ.

ಪೂಜೆ ಆದ ಹತಾರವನ್ನು ಆ ದಿನ ಎತ್ತುವಂತಿಲ್ಲ. ಮರುದಿನ ಊರೆಲ್ಲ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುವಾಗ ನಾನು ಬರಿಗೈಲೆ ಅಂಗಡಿಗೆ ಹೋಗಿ ನನ್ನ ಸಾಮಾನು ಚೀಲಕ್ಕೆ ತುಂಬತೊಡಗಿದೆ.

"ಬನ್ನಿ ಎಲ್ಲಿ?" ಅಂದ ಅಣ್ಣ.

"ಮದ್ಲ ಆ ಪಕ್ಕಡ ವಾಪಸ್ ಹೋಗ್ಲಿ, ಆಮ್ಯಾಲೆ ಬನ್ನಿ."

"ಪೂಜಿ ಆದದ್ದು ಹೋಗೂದಿಲ್ಲ. ನೀ ಬೇಕಾದ್ರ ಹೋಗು."

ಹೋದೆ. ಬೆಳಗಾವಿಯ ಅಂಗಡಿಯೊಂದರಲ್ಲಿ ಕೂತು, ಒತ್ತಿ, ಜಗ್ಗಿ, ಕೊಯ್ದು ನೋಡಿ ಪಕ್ಕಡ ಆರಿಸಿದೆ. "ತಗೊಳ್ಳಾಂವೋ, ಅಂಗಡಿ ಮುರಿಯಾಂವೋ?" ಅಂದ ಮಾಲಕ. ಆರಿಸಿದ್ದಕ್ಕೆ ರೊಕ್ಕ ಎಣಿಸಿ ಕೊಟ್ಟೆ. ಮೂಡಲಗಿಯಲ್ಲಿ ಬೇರೆ ಅಂಗಡಿ ಇಟ್ಟೆ.

ಹುಕ್ಕೇರಿಯ ಕೆಲಸವನ್ನು ಅಣ್ಣ ಬೇರೊಬ್ಬನನ್ನು ಹಿಡಿದು ಅದೇ ಕೆಂಪು ಹಿಡಿಕೆಯ ಪಕ್ಕಡದಲ್ಲಿ ಮಾಡಿಸಿದ. ಗಿರಣಿ ಸುಡಲಿಲ್ಲ. ವರ್ಷಗಟ್ಟಲೆ ಜೋಳ ಬೀಸಿತು. ಮೂಡಲಗಿ ಕಡೆಯವರು ಯಾರು ಸಿಕ್ಕರೂ ಅಣ್ಣ ಅದನ್ನು ಹೇಳಿ ಕಳಿಸುತ್ತಿದ್ದ. ಒಮ್ಮೆ ಮಮದಾಪುರದ ಬೀಗರೊಬ್ಬರು ನನ್ನ ಅಂಗಡಿಯಲ್ಲೇ ಚಹಾ ಕುಡಿಯುತ್ತ, "ಗಿರಣಿ ಇನ್ನೂ ಸುಟ್ಟಿಲ್ಲಂತಲ್ರಿ?" ಎಂದು ಕೆಣಕಿದರು.

"ಸುಡ್ಲಿ ಅಂತ ನಾ ಕಾಯಾಕತ್ತಿಲ್ರಿ," ಅಂದೆ. "ಆ ಕೆಲಸ ನಂದಲ್ಲ. ಚಹಾ ಕುಡೀರಿ."