ಎರಡು ಕ್ಯಾಮೆರಾ, ಒಂದು ದಾಳಿಂಬರಿ ಸೀರೆ

ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳು ಶುರುವಾಗುವುದು ಏಳು ಗಂಟೆಗೆ. ಮಾದೇವಿಯವರು ಅದಕ್ಕೂ ಮುಕ್ಕಾಲು ತಾಸು ಮೊದಲೇ ಮಾಳಿಗೆ ಹತ್ತಿರುತ್ತಾರೆ. ಸುಣ್ಣದ ಗೋಡೆಯ ಮುಂದೆ ಬಿದಿರಿನ ಗಳಕ್ಕೆ ಸೀರೆ ಇಳಿಬಿಟ್ಟು, ನೆರಿಗೆ ತೀಡಿ, ಉಸಿರು ಬಿಗಿಹಿಡಿದು ಹಳೆಯ ಕ್ಯಾಮೆರಾದ ಗುಂಡಿ ಒತ್ತುತ್ತಾರೆ. ಕೆಳಗೆ ಮಗ್ಗ ಹೂಡಿದರೆ ಮಾಳಿಗೆಯೆಲ್ಲ ಗದಗದ ನಡುಗುತ್ತದೆ, ಪಟದಲ್ಲಿ ಸೀರೆಯ ಅಂಚು ಎರಡೆರಡಾಗಿ ಮೂಡುತ್ತದೆ. ಹಳೆಯದರಲ್ಲಿ ತೆಗೆದ ಈ ಪಟಗಳನ್ನು ಅವರು ತಮಗೆಂದೇ ಇಟ್ಟುಕೊಳ್ಳುತ್ತಾರೆ, ಈಗ ಯಾರಿಗೂ ಕಳಿಸುವುದಿಲ್ಲ. ಕಳಿಸುವ ಪಟ ಹೊಸ ಕ್ಯಾಮೆರಾದ್ದು.

ನಲವತ್ತೇಳರ ಮಾದೇವಿ ಸೀರೆಗಳ ಫೋಟೊ ತೆಗೆಯುವವರು. ದಿನಕ್ಕೆ ಮೂವತ್ತು ಸೀರೆ, ಒಂದೊಂದಕ್ಕೆ ಮೂರು ಪಟ: ಒಡಲು, ಅಂಚು, ಸೆರಗು. ದೂರದೂರಿನ ಗಿರಾಕಿಗಳು ಫೋನಿನಲ್ಲಿ ಅವನ್ನು ನೋಡಿಯೇ ಸೀರೆ ತರಿಸಿಕೊಳ್ಳುತ್ತಾರೆ. ನೇಯ್ದವರ ಹೆಸರೇ ಇಲ್ಲದ ಕಡೆ ಪಟ ತೆಗೆದವಳ ಹೆಸರು ಕೇಳುವವರು ಯಾರು?

“ಮೊದಲ ನಾನು ಲಾಳಿ ಒಳಗಿನ ಕಂಡಿಕಿಗೆ ನೂಲು ಸುತ್ತಾಕಿರಿ. ಹತ್ತು ವರ್ಷ ನೂಲು ಈ ಕೈಯಾಗ ಆಡೇತಿ. ಕೆಂಪಿನ್ಯಾಗ ಎಷ್ಟ ಥರದ ಕೆಂಪ ಅದಾವು ಅನ್ನೂದು ನನ್ನ ಕಣ್ಣಿಗೆ ಗೊತ್ತೈತಿ. ಅದಕ್ಕ ಮಾಲಕ್ರು ಕ್ಯಾಮೆರಾ ಕೊಟ್ರು” ಎನ್ನುತ್ತಾರೆ. ಅದಾಗಿ ಹದಿನಾಲ್ಕು ವರ್ಷ.

ಮಾಲಕರೆಂದರೆ ರಬಕವಿಯ ಸೀರೆ ವ್ಯಾಪಾರಿ ವಿಶ್ವಾಸ. ಹೋದ ದಸರೆಗೆ ಅವರು ಅದೇ ಕಂಪನಿಯ ಹೊಸ ಮಾದರಿಯ ಪುಟ್ಟ ಕ್ಯಾಮೆರಾ ತಂದು, ಹಳೆಯದಕ್ಕಿಂತ ಛಲೋ ಇದೆಯೋ ಇಲ್ಲವೋ ನೋಡಿ ಹೇಳು ಎಂದರು. ಬಾಯಿಮಾತಿಗೆ ಹೇಳಿದ್ದೇನೋ. ಮಾದೇವಿ ಮಾತ್ರ ಎಂಟು ದಿನ ಅದೇ ಸೀರೆ, ಅದೇ ಗೋಡೆ, ಅದೇ ಬೆಳಕಿನಲ್ಲಿ ಎರಡರಲ್ಲೂ ತೆಗೆದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಅತ್ತ ಇತ್ತ ಬರೆದಿಟ್ಟರು.

“ಹೊಸಾದ್ರ ಮ್ಯಾಲೆ ಸುಳ್ಳ ಯಾಕ ಹೇಳ್ಲಿರಿ? ಮಗ್ಗಾ ನಡದಾಗೂ ಫೋಟೊ ಅಲಗಾಡೂದಿಲ್ಲ. ದೂರಿಂದ ಹಿಡದ್ರೂ ಅಂಚಿನ ಎಳಿ ಎಣಿಸಬಹುದು. ತಗದ ಕೂಡ್ಲೆ ಫೋನಿಗೆ ಹೋಗ್ತೈತಿ. ಹಳೇದು ಮುದುಕಿ ಆಗೇತಿ, ಬ್ಯಾಟ್ರಿ ಮುಚ್ಚಳಕ್ಕ ರಬ್ಬರ್ ಸುತ್ತೇನಿ. ನಲ್ವತ್ತ ಫೋಟೊಕ್ಕ ಏದುಸಿರು ಬಿಡ್ತೈತಿ.”

ಬಣ್ಣದ ಸಾಲಿಗೆ ಬಂದಾಗ ಮಾತ್ರ ಪೆನ್ನು ನಿಂತಿತು. ಗೋಡೆಯ ಮೇಲಿದ್ದದ್ದು ಹುಲೆಪ್ಪನವರು ಹಾಕಿದ ದಾಳಿಂಬರಿ ಕೆಂಪು. ಮೂವತ್ತೈದು ವರ್ಷದಿಂದ ನೂಲಿಗೆ ಬಣ್ಣ ಹಾಕುತ್ತಿದ್ದವರ ಕೆಂಪು ಅದು, ಹಣ್ಣು ಬಿಡಿಸಿದಾಗ ಕಾಣುವಂಥದ್ದು. ಹಳೆಯ ಕ್ಯಾಮೆರಾ ಅದನ್ನು ಇದ್ದ ಹಾಗೇ ತೋರಿಸಿತು. ಹೊಸದರಲ್ಲಿ ಅದು ಜಾತ್ರೆಯ ಮಿಠಾಯಿಯಾಗಿತ್ತು. ಹುಡುಕಿ ಹುಡುಕಿ ಕಾರಣವನ್ನೂ ಕಂಡುಕೊಂಡರು: ತಾನಾಗಿ ರಂಗು ಏರಿಸುವ ಸೌಲಭ್ಯವೊಂದು ಅದರಲ್ಲಿತ್ತು. ಅದನ್ನು ಬಂದ್ ಮಾಡಿದರೆ ಬಣ್ಣ ಸರಿಹೋಯಿತು. ‘ಹೊಸದೇ ಒಳ್ಳೆಯದು, ರಂಗು ಏರಿಸುವುದು ಬಂದ್ ಇರಬೇಕು’ ಎಂದು ತೀರ್ಪು ಬರೆದು ಕೊಟ್ಟರು.

ವಿಶ್ವಾಸ ಎರಡೂ ಪಟ ನೋಡಿದರು. “ಮಾದೇವಕ್ಕ, ಅದನ್ನ ಬಂದ್ ಮಾಡಬ್ಯಾಡ. ಈ ಕೆಂಪ ನೋಡಿದ್ರ ಕೈ ತಾನ ಖರೀದಿ ಮಾಡ್ತೈತಿ” ಎಂದರು.

ಕೈಗಳು ಖರೀದಿ ಮಾಡಿದವು. ಹದಿನೈದು ದಿನದಲ್ಲಿ ಅವೇ ಕೈಗಳು ಸೀರೆ ವಾಪಸ್ ಕಳಿಸತೊಡಗಿದವು. ಫೋಟೊದಲ್ಲಿ ಕಂಡ ಬಣ್ಣ ಇದಲ್ಲ ಎಂಬುದೇ ಎಲ್ಲರ ತಕರಾರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ, ಬೈಗುಳ ಬಿದ್ದದ್ದು ಹುಲೆಪ್ಪನವರಿಗೆ. ವಿಶ್ವಾಸ ಫೋನು ಮುಂದೆ ಹಿಡಿದು, ಇದೇ ಬಣ್ಣ ಬರಬೇಕು ಎಂದರು. ಪಾಪ, ಆ ಮನುಷ್ಯ ನೂಲು ಬಿಟ್ಟು ಫೋಟೊ ನೋಡಿಕೊಂಡು ಬಣ್ಣ ಕಲಸಿದರು. ಹೆಚ್ಚು ಕೆಂಪಾದ ಸೀರೆ ಮಾಳಿಗೆಗೆ ಬಂತು. ಹೊಸ ಕ್ಯಾಮೆರಾ ಅದನ್ನೂ ಇನ್ನೊಂದು ಪಟ್ಟು ಏರಿಸಿತು. ಸೀರೆ ಮತ್ತೆ ವಾಪಸ್, ಮತ್ತೆ ಬಣ್ಣದ ಹಂಡೆ, ಮತ್ತೆ ಫೋಟೊ. ಮುಧೋಳದ ನಾಯಿ ಬಿಟ್ಟಿದ್ದರೂ ಓಡುತ್ತಿದ್ದ ಆ ಕೆಂಪನ್ನು ಹಿಡಿಯಲಾಗುತ್ತಿರಲಿಲ್ಲ.

ಮೂರನೆಯ ಸಲ ಹುಲೆಪ್ಪ ಸೀರೆ ಹೆಗಲಿಗೆ ಹಾಕಿಕೊಂಡೇ ಅಂಗಡಿಗೆ ಬಂದರು. ಮಾದೇವಿ ಅಲ್ಲೇ ಇದ್ದರು.

“ನೀನ ಹೇಳವಾ ಮಾದೇವಿ. ಈ ಸೀರಿ ಅರಿವಿ ತಪ್ಪೋ, ಫೋಟೊ ತಪ್ಪೋ?”

ವಿಶ್ವಾಸ ತಲೆಯೆತ್ತಿ ಮಾದೇವಿಯ ಕಡೆ ನೋಡಿದರು. ಎಂಟು ದಿನದ ಲೆಕ್ಕವಿದ್ದ ನೋಟ್‌ಬುಕ್ಕು ಮಾದೇವಿಯ ಚೀಲದಲ್ಲೇ ಇತ್ತು.

“ಬಣ್ಣ ಒಂದೀಟ ಸಪ್ಪಗ ಐತಿ, ಕಾಕಾ” ಎಂದರು ಮಾದೇವಿ.

ಈಗ ಪತ್ರಿಕೆಗೆ ಅದನ್ನು ಹೇಳುವಾಗ ಅವರು ಎದುರಿಗಿದ್ದವರ ಮುಖ ನೋಡುವುದಿಲ್ಲ. “ಆ ಹೊತ್ತಿಗೆ ನಾ ಮಾತಾಡ್ಲಿಲ್ಲರಿ, ನನ್ನ ಹೊಟ್ಟಿ ಮಾತಾಡ್ತು. ಈ ಕೆಲಸ ಬಿಟ್ರ ಮತ್ತ ಕಂಡಿಕಿನ. ಕಾಕಾ ಹೌದೇನವಾ ಅಂದ್ರು, ಸೀರಿ ಮಡಚಿಟ್ಟು ಹೋದ್ರು.”

ವಿಶ್ವಾಸ ಬಣ್ಣದ ಕೆಲಸವನ್ನು ಹುಲೆಪ್ಪನವರಿಂದ ತೆಗೆದು ಬೇರೆ ಊರಿಗೆ ಕೊಟ್ಟು ಮೂರು ತಿಂಗಳಾಯಿತು. ಅಲ್ಲಿಂದ ಬರುವ ಸೀರೆಗಳೂ ವಾಪಸ್ ಬರುತ್ತಿವೆ, ಅದು ಬೇರೆ ಮಾತು. ಅರವತ್ತೊಂದರ ಹುಲೆಪ್ಪ ಈಗ ಸಮೀರವಾಡಿ ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಕಾವಲಿರುತ್ತಾರೆ. ಹೋದ ವಾರ ಮಾದೇವಿ ಹಳೆಯ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿಕೊಂಡರು.

“ಬೈದಿದ್ರ ಹಗುರ ಆಗ್ತಿದ್ನೆರಿ. ಚಾ ತರಿಸಿದ್ರು” ಎನ್ನುತ್ತಾರೆ.

ಚಹಾದ ಲೋಟ ಹಿಡಿದ ಹುಲೆಪ್ಪನವರ ಕೈಗಳ ಪಟ ತೆಗೆದು ತಂದು, ಪ್ರಿಂಟ್ ಹಾಕಿಸಿದ್ದಾರೆ. ಮೂವತ್ತೈದು ವರ್ಷ ಕೆಂಪಾಗಿಯೇ ಇದ್ದ ಉಗುರುಗಳು ಈಗ ತುದಿಗಷ್ಟೇ ಕೆಂಪು. ಬುಡದಿಂದ ಬೆಳ್ಳಗೆ ಹೊಸ ಉಗುರು ಬರುತ್ತಿದೆ. ಇನ್ನು ಎರಡು ಮೂರು ತಿಂಗಳಿಗೆ ಅವು ಯಾರ ಕೈಗಳೆಂದು ಗುರುತೇ ಸಿಗಲಿಕ್ಕಿಲ್ಲ.

ಕೆಳಗೆ ಮಗ್ಗ ಶುರುವಾಗುತ್ತದೆ, ಮಾಳಿಗೆ ನಡುಗುತ್ತದೆ. ಮಾದೇವಿ ಹೊಸ ಕ್ಯಾಮೆರಾ ಕೈಗೆತ್ತಿಕೊಳ್ಳುತ್ತಾರೆ. ಬೇಕಾದರೆ ಹೆಸರು ಬದಲಿಸಿ ಬರೆಯಬಹುದು, ಕೆಲಸಕ್ಕೆ ಕುತ್ತು ಬರುವುದು ಬೇಡ ಎಂದು ನಾನು ಹೇಳಿದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಬ್ಯಾಡ್ರಿ. ನನ್ನ ಹೆಸರೂ ಹಾಕ್ರಿ, ಕಾಕಾಂದೂ ಹಾಕ್ರಿ. ಅವತ್ತ ಅಂಗಡ್ಯಾಗ ಹೇಳಬೇಕಾಗಿತ್ತು, ಇವತ್ತ ಹೇಳಾಕತ್ತೇನಿ. ಅರಿವಿ ತಪ್ಪಿದ್ದಿಲ್ಲ.” ಉಗುರಿನ ಪಟವನ್ನು ಸೆರಗಿನಿಂದ ಒರೆಸಿ ಕೈಗಿಡುತ್ತಾರೆ. “ಇದು ಹಳೇದ್ರಾಗ ತಗದದ್ರಿ. ಪೇಪರಿನ್ಯಾಗ ಹಾಕೂ ಮುಂದ ಬಣ್ಣ ಏರಸಬ್ಯಾಡ್ರಿ.”