ಒಂದೇ ಹಂಡೆಯಲ್ಲಿ ಬೆಂದ ಕಡುಬು

ನಾನು ಕಟ್ಟಿದ ಮೊದಲ ಪೊಟ್ಟಣವನ್ನು ಆ ಅಜ್ಜಿ ಅಂಗೈ ಮೇಲಿಟ್ಟು ತೂಗಿದರು. ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಪಕ್ಕದ ಪ್ಲಾಸ್ಟಿಕ್ ಬುಟ್ಟಿಗೆ ಎಸೆದು, "ಇದು ಬದುಕಿರೋರಿಗೆ" ಎಂದರು. ಸುತ್ತ ಕೂತಿದ್ದ ಅವರ ನಾದಿನಿಯರು ನಕ್ಕರು. ವರ್ಜೀನಿಯಾದ ಶ್ಯಾಂಟಿಲಿಯ ಒಂದು ಗರಾಜಿನಲ್ಲಿ, ಮೂಳೆ ಕೊರೆಯುವ ಚಳಿಯಲ್ಲಿ, ಮೈಸೂರಿನ ಕಾಲೇಜಿನಲ್ಲಿ ವರ್ಷಗಟ್ಟಲೆ ಕೆಮಿಸ್ಟ್ರಿ ಪಾಠ ಹೇಳಿ ಬಂದ ನಾನು ಮೊದಲ ಪರೀಕ್ಷೆಯಲ್ಲೇ ಫೇಲಾಗಿದ್ದೆ. ಚಚ್ಚೌಕವಾಗಿ ಬಂದದ್ದು ಸತ್ತವರಿಗೆ, ಸೊಟ್ಟಗಾದದ್ದು ಬದುಕಿರುವವರಿಗೆ. ಅವರ ಲೆಕ್ಕ ಅಷ್ಟು ಸರಳ.

ಆ ತಿಂಡಿಯ ಹೆಸರು ಬಾನ್ ಚುಂಗ್. ವಿಯೆಟ್ನಾಮಿನವರ ಹೊಸ ವರ್ಷ, ಅಂದರೆ ಟೆಟ್ ಹಬ್ಬ, ಇದಿಲ್ಲದೆ ನಡೆಯುವುದಿಲ್ಲ. ನೆನೆಸಿದ ಅಂಟಕ್ಕಿ, ಅದರ ನಡುವೆ ಬೇಯಿಸಿ ಮಸೆದ ಹೆಸರುಬೇಳೆ, ಬೇಳೆಯ ನಡುವೆ ಕಾಳುಮೆಣಸಿನ ಪುಡಿ ಹಚ್ಚಿದ ಹಂದಿಮಾಂಸದ ತುಂಡು. ಇಷ್ಟನ್ನೂ ಎಲೆಯಲ್ಲಿ ಸುತ್ತಿ, ಬಿದಿರಿನ ಸೀಳಿನಿಂದ ಬಿಗಿದು, ದೊಡ್ಡ ಹಂಡೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುದಿಸುತ್ತಾರೆ. ಎಲೆಯ ಹಸಿರು ಅಕ್ಕಿಗೆ ಇಳಿಯುತ್ತದೆ. ಚೌಕ ಅಂದರೆ ಭೂಮಿಯ ರೂಪವಂತೆ. ಹಿಂದೆ ಒಬ್ಬ ರಾಜ ತನ್ನ ಮಕ್ಕಳಿಗೆ ಪಿತೃಗಳಿಗೆ ಇಡಲು ತಕ್ಕ ಎಡೆ ತನ್ನಿ ಎಂದನಂತೆ. ಉಳಿದವರು ಕಾಡು ಕಡಲು ಜಾಲಾಡಿ ಬಂದರೆ, ಬಡ ಮಗನೊಬ್ಬ ಮನೆಯ ಅಕ್ಕಿಯಲ್ಲೇ ಇದನ್ನು ಮಾಡಿ ಪಟ್ಟವೇರಿದನಂತೆ. ಕಥೆ ಹೇಳಿದ ಅಜ್ಜಿಗೆ ಆ ಬಡ ರಾಜಕುಮಾರನ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. "ಅವನ ಮೂಲೆ ಸರಿ ಇತ್ತು" ಎಂದರು, ಅಷ್ಟೇ.

ಅಜ್ಜಿಯ ಹೆಸರು ಲಿಯೆನ್. ಅವರ ಭಾಷೆಯಲ್ಲಿ ಅಜ್ಜಿಗೆ 'ಬಾ' ಎನ್ನುತ್ತಾರೆ, ಹಾಗಾಗಿ ನಮಗೂ ಅವರು ಬಾ ಲಿಯೆನ್. ಕರೆದರೆ ಬರುವ ಪೈಕಿ ಮಾತ್ರ ಅವರಲ್ಲ. ನಮ್ಮದು ಟೌನ್‌ಹೌಸ್, ಅಂದರೆ ಸಾಲು ಮನೆ. ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಮೈಸೂರಿನ ನಮ್ಮ ವಠಾರದಲ್ಲೂ ಒಂದೇ ಗೋಡೆ ಇತ್ತು, ಆದರೆ ಅಲ್ಲಿ ಗೋಡೆಯಾಚೆಯವರು ಸಾರಿಗೆ ಹುಣಸೆಹಣ್ಣು ಕೇಳಿಕೊಂಡು ಬರುತ್ತಿದ್ದರು. ಇಲ್ಲಿ ನಾವು ಬಂದ ಮೊದಲ ತಿಂಗಳೇ ಬಾ ಲಿಯೆನ್ ಎಚ್‌ಒಎಗೆ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘಕ್ಕೆ, ಪಕ್ಕದ ಮನೆಯಲ್ಲಿ ಗ್ಯಾಸ್ ಸೋರುತ್ತಿದೆ ಎಂದು ದೂರು ಕೊಟ್ಟರು. ಬಂದು ನೋಡಿದವರಿಗೆ ಸಿಕ್ಕಿದ್ದು ನನ್ನ ಇಂಗಿನ ಡಬ್ಬಿ. ನಾನೇನು ಕಡಿಮೆಯವಳೇ? ಅವರ ಮೀನಿನ ಸಾಸಿನ ವಾಸನೆ ಬಂದಾಗಲೆಲ್ಲ ಅವರಿಗೆ ಕೇಳುವಂತೆ ಕಿಟಕಿಯನ್ನು ಧಡ್ ಎಂದು ಮುಚ್ಚುತ್ತಿದ್ದೆ. ಅದು 2020. ಗಂಡ ಗಿರೀಶನ ವೀಸಾದ ಬಾಲಂಗೋಚಿಯಾಗಿ ಬಂದ ನನಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಜಗಳವಾಡಲು ಒಬ್ಬರಾದರೂ ಇದ್ದಾರಲ್ಲ ಎಂಬುದೇ ಆಗ ಒಂದು ಆಸರೆಯಾಗಿತ್ತು.

ಮರುವರ್ಷ ಪುಷ್ಯ ಅಮಾವಾಸ್ಯೆಯ ದಿನ ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡಳು. ಹೋದರೆ ವಾಪಸ್ ಬರಲು ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ ಬೇಕು, ಅದನ್ನು ಹಾಕುವ ಕಚೇರಿಗೆ ಬೀಗ. "ಹೋದ್ರೆ ಅಲ್ಲೇ ಸ್ಟಕ್ ಆಗ್ಬಿಡ್ತೀಯ ಸುಮಾ, ಅನಿಕಾನ ಯಾರ್ ನೋಡ್ಕೋತಾರೆ?" ಎಂದ ಗಿರೀಶ. ಅವನು ಹೇಳಿದ್ದು ಸರಿಯೇ ಇತ್ತು, ಅದಕ್ಕಾಗಿ ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ. ಅಮ್ಮನ ಕೊನೆಯ ದರ್ಶನ ಫೋನಿನಲ್ಲಾಯಿತು. ಹಿಡಿದುಕೊಂಡಿದ್ದವರು ಅದನ್ನು ಅತ್ತಿತ್ತ ವಾಲಿಸಿ ಅರ್ಧ ಹೊತ್ತು ನಾನು ನೋಡಿದ್ದು ಮನೆಯ ಸೂರನ್ನು. ನಾನೇನು ಮಾಡಬೇಕು ಎಂದು ಅಣ್ಣ ಮುರಳಿಯನ್ನು ಕೇಳಿದೆ. "ನೀನು ಕೊಟ್ಟ ಹೆಣ್ಣು. ನಿಂಗೆ ಮೂರು ದಿನ ಸೂತಕ ಅಷ್ಟೇ. ಸ್ನಾನ ಮಾಡ್ಕೊಂಡು ಸುಮ್ನಿರು" ಎಂದ. ಹೆತ್ತವಳಿಗೆ ಮಗಳು ಸಲ್ಲಿಸಬೇಕಾದದ್ದು ಒಂದು ಸ್ನಾನ.

ಅದೇ ದಿನ ಗೋಡೆಯಾಚೆ ಸಡಗರವೋ ಸಡಗರ. ನಮ್ಮ ಪುಷ್ಯ ಅಮಾವಾಸ್ಯೆಯೇ ಅವರಿಗೆ ವರ್ಷದ ಕೊನೆಯ ದಿನ. ಹಬ್ಬಕ್ಕೆ ಮುನ್ನ ತೀರಿಹೋದವರನ್ನೆಲ್ಲ ಮನೆಗೆ ಕರೆದು ಊಟಕ್ಕಿಡುವ ದಿನ. ನಾನು ಹಿತ್ತಿಲ ಬೇಲಿಯ ಬಳಿ ಒದ್ದೆ ತಲೆಯಲ್ಲಿ ನಿಂತಿದ್ದೆ. ಬಾ ಲಿಯೆನ್ ಅಗರಬತ್ತಿ ಹಿಡಿದು ಹೊರಗೆ ಬಂದವರು ನನ್ನ ಮುಖ ನೋಡಿದರು. ಅವರು ಇಂಗ್ಲಿಷ್ ಕಲಿತದ್ದು ನೇಲ್ ಸಲೂನಿನಲ್ಲಿ, ಪರರ ಉಗುರು ತಿದ್ದುತ್ತಾ. 'ಕೈ ಕೊಡು, ಅಲುಗಬೇಡ, ಮುಗೀತು' ಎನ್ನುವಷ್ಟೇ ಉದ್ದದ ವಾಕ್ಯಗಳು. ಅವನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಯಾರು ಸತ್ತರು?"

"ಅಮ್ಮ."

"ಊಟ ಇಟ್ಟೆಯಾ?"

"ಅಣ್ಣ ಇಡ್ತಾನೆ. ನಮ್ಮಲ್ಲಿ ಹೆಣ್ಣುಮಕ್ಕಳು ಇಡೋ ಹಾಗಿಲ್ಲ."

"ಓಹೋ," ಎಂದರು ಬಾ ಲಿಯೆನ್. "ಹೆಣ್ಣು ಹೆತ್ತವಳು ಸತ್ತ ಮೇಲೂ ಉಪವಾಸ."

ಇದಕ್ಕಿಂತ ಕೆಟ್ಟ ಸಾಂತ್ವನವನ್ನು ನನಗೆ ಯಾರೂ ಹೇಳಿಲ್ಲ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಅಮ್ಮನ ಮುಂದೆ ನನ್ನ ಕೈಯಾರೆ ಮಾಡಿದ ಒಂದು ಎಡೆ ಇಡಬೇಕು, ಅವಳ ತಿಥಿಯ ದಿನವೇ ಇಡಬೇಕು ಎಂಬ ಹಟ ಹಿಡಿಯಿತು. ನಮ್ಮ ಅಡುಗೆಯಲ್ಲಿ ಏನು ಮಾಡಿಟ್ಟರೂ ಅದು ಅಣ್ಣನ ಶ್ರಾದ್ಧದ ಅಡುಗೆಯ ಕಳ್ಳ ನಕಲಾಗುತ್ತಿತ್ತು. ಈ ಕಡುಬಿಗೆ ಅಂಥ ಯಜಮಾನರಿಲ್ಲ. ಮೇಲಾಗಿ ಅಕ್ಕಿ, ಹೆಸರುಬೇಳೆ, ಮೆಣಸು: ಮಾಂಸವೊಂದನ್ನು ಬಿಟ್ಟರೆ ಅಮ್ಮ ಸಂಕ್ರಾಂತಿಗೆ ಮಾಡುತ್ತಿದ್ದ ಖಾರದ ಹುಗ್ಗಿಯೇ. ಮುಂದಿನ ಟೆಟ್‌ಗೆ ಯಾರೂ ಕರೆಯದೆಯೇ ಅವರ ಗರಾಜಿಗೆ ಹೋಗಿ ಕೂತೆ.

ಕಲಿಕೆ ಅಂದರೆ ಬೈಗುಳ. ಎಲೆಯ ಎರಡೂ ಮೈ ಒರೆಸಬೇಕು, ಕಡುಹಸಿರು ಮೈ ಒಳಗೆ ಬರಬೇಕು. ಸಡಿಲವಾದರೆ ನೀರು ನುಗ್ಗಿ ಹಳಸುತ್ತದೆ, ಅತಿ ಬಿಗಿದರೆ ಅಕ್ಕಿ ಅರಳದೆ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಮೈಸೂರಿನಲ್ಲಿ ಹಲಸಿನೆಲೆ ಸೇರಿಸಿ ಕೊಟ್ಟೆ ಕಟ್ಟಿ ಕಡುಬು ಬೇಯಿಸಿದವಳು ನಾನು ಎಂದು ಜಂಬ ಕೊಚ್ಚಿದೆ. ಬಾ ಲಿಯೆನ್ ನನ್ನ ಪೊಟ್ಟಣದ ಕಟ್ಟು ಬಿಚ್ಚಿ ಎಲ್ಲರೆದುರು ಅಕ್ಕಿಯನ್ನು ಪಾತ್ರೆಗೆ ಸುರಿದು, "ಮತ್ತೆ" ಎಂದರು. ಇನ್ನೊಮ್ಮೆ ಸುರಿದರು, "ಮತ್ತೆ." ನನ್ನ ವಿದ್ಯಾರ್ಥಿಗಳನ್ನು ನಾನು ಇಷ್ಟು ಗೋಳು ಹೊಯ್ದುಕೊಂಡಿರಲಿಲ್ಲ ಎಂದು ನಂಬಿಕೊಂಡಿದ್ದೇನೆ. ಆ ವರ್ಷವೂ ಸೊಟ್ಟ, ಅದರ ಮರುವರ್ಷವೂ ಸೊಟ್ಟ. ಇಲ್ಲಿನ ಕನ್ನಡದ ಗೆಳತಿಯರು, "ಅಯ್ಯೋ, ಆ ಆಂಟಿ ಮನೇಲಿ ಏನ್ ಮಾಡ್ತಿರ್ತೀರಾ? ಪಾಟ್‌ಲಕ್‌ಗೆ ಬನ್ನಿ" ಎಂದು ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟಕ್ಕೆ ಕರೆದು, ನಾನು ತಂದ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು.

2024ರಲ್ಲಿ ನನ್ನ ಕೈ ಹದಕ್ಕೆ ಬಂತು. "ನನ್ನದಕ್ಕೆ ಹಂದಿ ಬೇಡ" ಎಂದಾಗ ಅವರು ಹುಬ್ಬೇರಿಸದೆ ಒಪ್ಪಿದರು. ಅವರಲ್ಲೂ ಸನ್ಯಾಸಿಗಳಿಗೆ ಹಾಗೆ ಕಟ್ಟುತ್ತಾರಂತೆ. ಗುರುತಿಗೆ ಕೆಂಪು ದಾರ ಕಟ್ಟಿದೆ. ಬಾ ಲಿಯೆನ್ ನಾಲ್ಕು ಮೂಲೆ ಒತ್ತಿದರು, ತಿರುಗಿಸಿ ಇನ್ನೊಮ್ಮೆ ಒತ್ತಿದರು, ತೀರಿಹೋದ ತಮ್ಮ ಗಂಡನ ಎಡೆಗೆಂದು ಎತ್ತಿಟ್ಟ ಪೊಟ್ಟಣಗಳ ಪಕ್ಕ ಇಟ್ಟರು. ಎಂಎಸ್ಸಿಯಲ್ಲಿ ರ‍್ಯಾಂಕ್ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಿಂದು, ಹಿಂದಿನ ಸಂಜೆ ಬೇಯಿಸಿ ತಂದಿದ್ದ ಆ ಪೊಟ್ಟಣವನ್ನು ಅಮ್ಮನ ಫೋಟೋದ ಮುಂದಿಟ್ಟೆ. ದೀಪ ಹಚ್ಚಿದೆ. ಮಂತ್ರ ಗೊತ್ತಿರಲಿಲ್ಲ, "ತಿನ್ನಮ್ಮ" ಎಂದೆ. ಅತ್ತುಬಿಟ್ಟೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಚಂದದ ಒಂದು ಫೋಟೋ ತೆಗೆದು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಅಲ್ಲಿ ಆಗ ಸಂಜೆ. ಅಣ್ಣನ ಫೋನು ಬಂತು.

"ಏನೇ ಅದು ಅಮ್ಮನ ಮುಂದೆ?"

"ಕಡುಬು ಥರ ಅಣ್ಣ. ಅಕ್ಕಿ, ಹೆಸರುಬೇಳೆ. ಹುಗ್ಗಿ ಅಂತಾನೇ ಅನ್ಕೋ."

"ರೂಪ ಗೂಗಲ್ ಮಾಡಿ ನೋಡಿದ್ಲು. ಹಂದಿ ಹಾಕ್ತಾರಂತೆ."

"ನಂದ್ರಲ್ಲಿ ಹಾಕಿಲ್ಲ. ನಾನೇ ಕಟ್ಟಿದ್ದು, ನನ್ ಕೈಯಾರೆ."

ಹಿಂದಿನಿಂದ ಅತ್ತಿಗೆ ರೂಪಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಬೇರೆ ಪಾತ್ರೇಲಿ ಬೇಯಿಸಿದ್ರಾ ಕೇಳಿ."

ಒಂದೇ ಹಂಡೆ. ಬೆಳಗಿನಿಂದ ಸಂಜೆಯವರೆಗೆ ಕೊಬ್ಬು ತೇಲುವ ಅದೇ ನೀರು, ಎಲೆಯ ಸಂದಿಯಲ್ಲಿ ಒಳಗೆ ಹೊರಗೆ. ನೀರಿನಲ್ಲಿ ಏನು ಕರಗುತ್ತದೆ, ಯಾವುದರೊಳಗೆ ಏನು ಇಳಿಯುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕಲಿಸಿದವಳು ನಾನು. ಮೂರು ವರ್ಷ ಮೂಲೆ ನೋಡಿದೆನೇ ಹೊರತು ಹಂಡೆಯೊಳಗೆ ಇಣುಕಲಿಲ್ಲ. ಪಕ್ಕದ ಮನೆಯಿಂದ ಆಮ್ಲೆಟ್ ವಾಸನೆ ಬಂದರೆ ಒಲೆ ಆರಿಸಿ, ಅಡುಗೆಮನೆ ಒರೆಸಿ, ಮತ್ತೆ ಒಲೆ ಹಚ್ಚುತ್ತಿದ್ದ ಹೆಂಗಸು ನನ್ನ ಅಮ್ಮ.

"ಬ್ರಾಹ್ಮಣರ ಊಟ ಆಗಿ ಈಗ ಎದ್ದಿದ್ದೀನಿ ಸುಮಾ," ಎಂದ ಅಣ್ಣ. ಅವನು ಕೂಗಾಡಲಿಲ್ಲ. "ನಾನಿಲ್ಲಿ ಪಿಂಡ ಇಡೋವಾಗ ನೀನಲ್ಲಿ ಅಮ್ಮಂಗೆ ಹಂದಿ ನೀರು ಕುಡಿಸ್ತಿದ್ದೆ. ಅಮ್ಮ ಜೀವಮಾನವೆಲ್ಲಾ ಕಾಪಾಡ್ಕೊಂಡಿದ್ದನ್ನ ಸತ್ತ ಮೇಲೆ ನೀನ್ ಕೆಡಿಸ್ದೆ. ಇನ್ಮೇಲೆ ಅವಳ ಹೆಸರಲ್ಲಿ ಏನೂ ಮಾಡ್ಬೇಡ. ನಮ್ಗೂ ಫೋನ್ ಮಾಡ್ಬೇಡ." ಫೋನು ಇಟ್ಟ.

ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋದೆ. ಬಾ ಲಿಯೆನ್ ಗಂಡನ ಫೋಟೋದ ಮುಂದೆ ಕಿತ್ತಳೆ ಜೋಡಿಸುತ್ತಿದ್ದರು.

"ಎಲ್ಲವನ್ನೂ ಒಂದೇ ಹಂಡೆಯಲ್ಲಿ ಹಾಕಿದಿರಲ್ಲ, ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಕಣ್ಣೆದುರೇ ಹಾಕಿದೆ. ನೀನು ಕೇಳಲಿಲ್ಲ."

"ನಮ್ಮಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಆ ಹಂಡೆ..." ನಾನು ಮಾತು ಮುಗಿಸಲಿಲ್ಲ. ಮುಗಿಸುವ ಅಗತ್ಯವೂ ಬೀಳಲಿಲ್ಲ.

ಬಾ ಲಿಯೆನ್ ಕೈಯಲ್ಲಿದ್ದ ಕಿತ್ತಳೆಯನ್ನು ಕೆಳಗಿಟ್ಟರು. "ನನ್ನ ಹಂಡೆ ಕೊಳಕಾ? ಅದರಲ್ಲಿ ಬೆಂದದ್ದನ್ನು ನನ್ನ ಗಂಡ ತಿನ್ನುತ್ತಾನೆ. ನನ್ನ ಅಮ್ಮ ತಿನ್ನುತ್ತಾಳೆ. ನಿನ್ನ ಅಮ್ಮ ಯಾವ ದೇಶದ ರಾಣಿ?" ಆಮೇಲೆ ಬಾಗಿಲಿನತ್ತ ನಡೆಯುತ್ತಾ ಕೇಳಿದರು: "ಇಟ್ಟದ್ದನ್ನು ತಿಂದೆಯಾ?"

"ಇಲ್ಲ."

"ಇಟ್ಟವರೇ ತಿನ್ನಬೇಕು. ಬಿಸಾಡಿದರೆ ಅಮ್ಮನ ಮುಖಕ್ಕೆ ಉಗಿದ ಹಾಗೆ. ಹೋಗು. ಮುಂದಿನ ವರ್ಷ ಬರಬೇಡ."

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸುವುದು ಬೇಡ. ಅಣ್ಣ ಆ ಗುಂಪಿನಿಂದ ನನ್ನನ್ನು ತೆಗೆದುಹಾಕಿದ. ಈಗ ಅಮ್ಮನ ತಿಥಿಯ ವಿಡಿಯೋ ಕೂಡ ಬರುವುದಿಲ್ಲ. ಬಾ ಲಿಯೆನ್ ಕಸದ ಡಬ್ಬಿ ಹೊರಗಿಡುವಾಗ ಎದುರಾದರೆ ಆಕಾಶ ನೋಡುತ್ತಾರೆ. ಅಣ್ಣನಿಗೆ ನಾನು ಕೆಟ್ಟವಳು, ಅವರ ಹಂಡೆಯಲ್ಲಿ ಬೇಯಿಸಿದ್ದಕ್ಕೆ. ಅವರಿಗೆ ನಾನು ಕೆಟ್ಟವಳು, ಆ ಹಂಡೆ ಯಾಕೆ ಎಂದು ಕೇಳಿದ್ದಕ್ಕೆ. ಒಬ್ಬರನ್ನೊಬ್ಬರು ಎಂದೂ ನೋಡದ ಆ ಇಬ್ಬರೂ ಒಂದೇ ದಿನ, ಒಂದೇ ತಿಂಡಿಗಾಗಿ, ನನ್ನನ್ನು ಹೊರಗಟ್ಟಿದರು.

ಆ ಮಧ್ಯಾಹ್ನ ಗಿರೀಶ ಆಫೀಸ್ ಕಾಲ್‌ಗಳ ನಡುವೆ ಇಣುಕಿ, "ಟ್ರ್ಯಾಶ್ ಮಾಡ್ಬಿಡು. ಒಳಗಡೆ ಬಿನ್‌ಗೆ ಬೇಡ, ಹೊರಗಡೆದಕ್ಕೆ ಹಾಕು" ಎಂದು ಹೋದ. ಬಿಸಾಡಿದರೆ ಅಮ್ಮನಿಗಿಟ್ಟ ಎಡೆ ಕಸದ ಪಾಲು. ತಿಂದರೆ ಅಮ್ಮ ಕಲಿಸಿದ್ದೆಲ್ಲ ಕಸದ ಪಾಲು. ನಾನು ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತೇ ಇದ್ದೆ. ಸ್ಕೂಲ್ ಬಸ್ಸು ಬಂದ ಸದ್ದಾಯಿತು. ಅನಿಕಾ ಬ್ಯಾಗು ಬಿಸಾಕಿ ಓಡಿ ಬಂದಳು. ಅವಳಿಗೆ ಎಂಟು ವರ್ಷ, ಅಜ್ಜಿಯ ನೆನಪಿಲ್ಲ. ಅಜ್ಜಿ ಎಂದರೆ ಅವಳಿಗೆ ಗೋಡೆಯ ಮೇಲಿನ ಫೋಟೋ.

"ಅಮ್ಮಾ, ಅಜ್ಜಿ ಡನ್ ಆ? ಈಗ ನಾವ್ ತಿನ್ಬೋದಾ?"

ನಾನು ದಾರ ಬಿಚ್ಚಿದೆ. ಎಲೆ ಸುಲಿದಾಗ ಒಳಗಿನಿಂದ ಹಸಿರು ಚೌಕ ಹೊರಬಿತ್ತು, ಮೂಲೆಗಳು ಎಷ್ಟು ನೇರವಾಗಿದ್ದವೆಂದರೆ ನನಗೆ ಆಗಲೂ ಒಂದು ಕ್ಷಣ ಹೆಮ್ಮೆಯಾಯಿತು. ಅನಿಕಾ ಮೂಗು ಸಿಂಡರಿಸಿದಳು. "ಯಕ್. ಸ್ಲೈಮ್ ಥರ ಇದೆ. ನಂಗ್ ಬೇಡ."

ನಾನು ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡೆ. ಅಂಟಕ್ಕಿ, ಎಲೆಯ ಘಮ, ಬೇಳೆ, ಮೆಣಸು. ಅವುಗಳ ಹಿಂದೆ ನಾಲಗೆಗೆ ಅಂಟುವ, ತುಪ್ಪವಲ್ಲದ, ನಾನು ಜನ್ಮದಲ್ಲಿ ತಿನ್ನದ ಒಂದು ಜಿಡ್ಡು. ವಾಂತಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇನ್ನೊಂದು ತುಂಡು ಮುರಿದೆ.

"ಅಜ್ಜಿಗೆ ಇಷ್ಟ ಆಯ್ತಾ?" ಎಂದಳು ಅನಿಕಾ.

"ಇಲ್ಲ."

"ಮತ್ತೆ ನಿಂಗೆ?"

"ನಂಗೆ ಇಷ್ಟ ಆಯ್ತು," ಎಂದೆ.